ಮೂರನೆಯ ಪರದೆಯ ಕತ್ತಲು

2023ರ ಫೆಬ್ರವರಿ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ, ರಾಮನಗರದ ರೀಲರುಗಳ ಬೀದಿಯಲ್ಲಿರುವ ಹಳೆಯ ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಈಗ ಅದು ವಿಡಿಯೊ ಗೇಮ್ ಪಾರ್ಲರ್. ಹಾಜರಿದ್ದವರು: ಪಾರ್ಲರ್ ನಡೆಸುವ ನವೀನ, ಕಟ್ಟಡದ ಮಾಲೀಕರಾದ ರೀಲರ್ ಬಷೀರ್ ಸಾಬರು, ಬೈರಾಪಟ್ಟಣದ ಮಹೇಶ, ಅವನ ಜೊತೆ ಬಂದಿದ್ದ ಆರು ಜನ, ಮತ್ತು ನಾನು. ಮಹೇಶನ ಕೈಯಲ್ಲಿ ಕ್ರಿಕೆಟ್ ಬ್ಯಾಟ್ ಇತ್ತು. ಉಳಿದವರ ಕೈಯಲ್ಲಿ ದೊಣ್ಣೆ, ಪೈಪು. ನೆಲದ ಮೇಲೆ ಹಿಂದಿನ ಸಂಜೆಯ ರಕ್ತ ಒಣಗಿ ಕಂದಾಗಿತ್ತು. ಅದರ ಪಕ್ಕದಲ್ಲಿ ಒಂದು ಹಲ್ಲು ಬಿದ್ದಿತ್ತು.

ನಾನು ಸೈನ್ಯದ ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪಿನಲ್ಲಿ ಇಪ್ಪತ್ತನಾಲ್ಕು ವರ್ಷ ರೇಡಾರ್ ಮೆಕ್ಯಾನಿಕ್ ಆಗಿದ್ದವನು. ನಿವೃತ್ತಿಯ ನಂತರ ಚನ್ನಪಟ್ಟಣದಲ್ಲಿ ಟಿವಿ, ಕಂಪ್ಯೂಟರ್, ಗೇಮ್ ಕನ್ಸೋಲ್ ರಿಪೇರಿ ಮಾಡುವ ಅಂಗಡಿ ತೆರೆದೆ. ಜನ ಮಿಲ್ಟ್ರಿ ಯಜಮಾನ್ರು ಅನ್ನುತ್ತಾರೆ. ಯಾವ ಯಂತ್ರ ಕೂರಿಸಿದರೂ ಹನ್ನೊಂದು ಸಾಲಿನ ಒಂದು ಪಟ್ಟಿಯಂತೆ ಕೆಲಸ ಮಾಡುವುದು ನನ್ನ ಪದ್ಧತಿ. ಒಂದೊಂದು ಸಾಲು ಮುಗಿದ ಹಾಗೆ ರಿಜಿಸ್ಟರಿನಲ್ಲಿ ಗುರುತು ಹಾಕುವುದು, ಹನ್ನೊಂದನೆಯ ಸಾಲಿನಲ್ಲಿ ಸಹಿ. ಗಿರಾಕಿಯ ಬಳಿ ಒಂದು ಪ್ರತಿ ಇರುತ್ತದೆ.

ಆ ಪಾರ್ಲರಿಗೆ ಯಂತ್ರ ಕೂರಿಸಿದ್ದು ಹಿಂದಿನ ಡಿಸೆಂಬರಿನಲ್ಲಿ. ಮೂರು ಯಂತ್ರ, ಒಂದೇ ಮಾದರಿಯ ಮೂರು ಟಿವಿ. ಒಂದು ಬಿಳಿ ಕನ್ಸೋಲ್, ಒಂದು ಕಪ್ಪು ಕನ್ಸೋಲ್. ಇವೆರಡೂ ಪರಸ್ಪರ ಎದುರಾಳಿ ಕಂಪನಿಗಳದು. ಮೂರನೆಯದು ನವೀನ ಬಿಡಿಭಾಗ ತಂದು ಕೈಯಾರೆ ಜೋಡಿಸಿದ ಅಗ್ಗದ ಪಿಸಿ. ಅದರ ಗ್ರಾಫಿಕ್ಸ್ ಕಾರ್ಡ್, ಅಂದರೆ ಚಿತ್ರ ಬಿಡಿಸುವ ಕೆಲಸವನ್ನಷ್ಟೇ ಮಾಡುವ ಭಾಗ, ಸೆಕೆಂಡ್ ಹ್ಯಾಂಡ್.

ಮೂರರಲ್ಲಿ ಯಾವುದರ ಚಿತ್ರ ಮೇಲು ಎಂದು ಹೋಲಿಸಿ ಹೇಳಬೇಕೆಂದು ನವೀನ ಕೇಳಿದ್ದ. ಒಂದೇ ಆಟ, ಒಂದೇ ಜಾಗ: ಮಳೆ ನಿಂತ ಬೀದಿ, ಹಗಲು. ಕಪ್ಪು ಕನ್ಸೋಲಿನಲ್ಲಿ ರಸ್ತೆಯ ನೀರಿನೊಳಗೆ ಎದುರಿನ ಕಟ್ಟಡದ ಪ್ರತಿಬಿಂಬ ಕಿಟಕಿ ಸಮೇತ ಕಾಣುತ್ತಿತ್ತು. ಬಿಳಿಯದರಲ್ಲಿ ಪ್ರತಿಬಿಂಬ ಸ್ವಲ್ಪ ಮಸುಕು, ಆದರೆ ದೂರದ ಹುಲ್ಲು ಹೆಚ್ಚು ಸ್ಪಷ್ಟ. ಎರಡೂ ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುತ್ತಿದ್ದವು. ಫ್ರೇಮ್ ರೇಟ್ ಅನ್ನುವುದು ಇದನ್ನೇ. ಪಿಸಿ ನಲವತ್ತೆಂಟಕ್ಕೆ ಏದುಸಿರು ಬಿಡುತ್ತಿತ್ತು. ನೆರಳುಗಳ ಗುಣಮಟ್ಟ ಇಳಿಸಿದ ಮೇಲೆ ಐವತ್ತೈದಕ್ಕೆ ಬಂತು. ಅದರ ನೀರಿನಲ್ಲಿ ಪ್ರತಿಬಿಂಬವೇ ಇಲ್ಲ, ಬರೀ ಬೂದು.

ನೋಡಲು ಬೀದಿಯ ಏಳೆಂಟು ಜನ ಸೇರಿದ್ದರು. ನವೀನನ ಮುಖ ಸಣ್ಣದಾಯಿತು. "ಸಾರ್, ನಾನೇ ಕೂಡ್ಸಿದ್ದು. ಇದೊಂದೇ ಸಪ್ಪೆ ಕಾಣ್ತದಲ್ಲ ಸಾರ್. ಏನಾದ್ರೂ ಮಾಡಿ" ಅಂದ.

ಮೂರನೆಯ ಟಿವಿಯಲ್ಲಿ ಬ್ಲ್ಯಾಕ್ ಲೆವೆಲ್ ಎಂಬ ಸೆಟ್ಟಿಂಗನ್ನು ನಾರ್ಮಲ್‌ನಿಂದ ಲೋಗೆ ಇಳಿಸಿದೆ. ಕಪ್ಪು ಕೂಡಲೇ ಕಡುಗಪ್ಪಾಯಿತು, ಕೆಂಪು ಎದ್ದು ಬಂತು, ಚಿತ್ರಕ್ಕೆ ಒಂದು ತೂಕ ಬಂತು. ಹಿಂದಿನಿಂದ ಯಾರೋ "ಇದೇ ಫಸ್ಟು ಕಣಣ್ಣೋ" ಎಂದು ಕೂಗಿದರು. ಚಪ್ಪಾಳೆ ಬಿತ್ತು. ನನಗೂ ಸಂತೋಷವಾಯಿತು. ಬ್ಲ್ಯಾಕ್ ಲೆವೆಲ್ ಲೋ ಎಂದು ಪಟ್ಟಿಯಲ್ಲಿ ಬರೆದೆ.

ಪಟ್ಟಿಯ ಹತ್ತನೆಯ ಸಾಲು ಪರೀಕ್ಷಾ ಚಿತ್ರ. ಕಪ್ಪಿನಿಂದ ಬಿಳಿಯವರೆಗೆ ಹದಿನಾರು ಪಟ್ಟೆಗಳ ಒಂದು ಚಿತ್ರವನ್ನು ಪರದೆಗೆ ಹಾಕಿ ಹದಿನಾರೂ ಕಾಣುತ್ತವೆಯೇ ಎಂದು ಎಣಿಸುವುದು. ಮೊದಲೆರಡು ಟಿವಿಗಳಲ್ಲಿ ಎಣಿಸಿದ್ದೆ. ಮೂರನೆಯದಕ್ಕೆ ಹಾಕುವಾಗ ಕರೆಂಟ್ ಹೋಯಿತು. ಹತ್ತು ನಿಮಿಷ ಕಾದೆ. ನನ್ನ ರೈಲಿಗೆ ಹೊತ್ತಾಗುತ್ತಿತ್ತು. ಹತ್ತನೆಯ ಸಾಲು ಖಾಲಿ ಬಿಟ್ಟು ಹನ್ನೊಂದರಲ್ಲಿ ಸಹಿ ಹಾಕಿ ಹೊರಟೆ.

ಎರಡು ತಿಂಗಳಲ್ಲಿ ದಿನಾ ಬರುವವರು ಆ ಪಿಸಿಗೆ 'ಸಾಯೋ ಸೀಟು' ಎಂದು ಹೆಸರಿಟ್ಟಿದ್ದರಂತೆ. ಅಲ್ಲಿ ಕೂತವರು ಸೋಲುತ್ತಾರೆ ಎಂದು ನಂಬಿ ಯಾರೂ ಕೂರುತ್ತಿರಲಿಲ್ಲ. ಕಾರಣ ಏನೆಂದು ಯಾರೂ ನನಗೆ ಫೋನ್ ಮಾಡಲಿಲ್ಲ.

ಶನಿವಾರ ಸಂಜೆ ಅಲ್ಲಿ ಪಂದ್ಯದ ಕೊನೆಯ ಆಟ. ಒಂದು ಕಡೆ ನವೀನ. ಪಾರ್ಲರ್ ನಡೆಸುವವನೇ ಆಡಿದ್ದು ಮೊದಲನೆಯ ತಪ್ಪು. ಇನ್ನೊಂದು ಕಡೆ ಕಿರಣ: ಮಹೇಶನ ತಮ್ಮ, ಇಪ್ಪತ್ತನಾಲ್ಕು ವರ್ಷ, ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಈ ಬೀದಿಗೆ ಹೊಸಬ. ಚೀಟಿ ಎತ್ತಿದಾಗ ನವೀನನಿಗೆ ಕಪ್ಪು ಕನ್ಸೋಲ್, ಕಿರಣನಿಗೆ ಪಿಸಿ ಬಂತು. ಎದುರಾಳಿಗೆ ಗುಂಡು ಹೊಡೆಯುವ ಆಟ, ಜಾಗ ಒಂದು ಕತ್ತಲ ಗೋಡೌನು. ಕಿರಣನ ಆಟಗಾರ ಒಂಬತ್ತು ಸಲ ಸತ್ತ. ಒಂಬತ್ತು ಸಲವೂ ಗುಂಡು ಬಂದದ್ದು ಅದೇ ಎಡ ಮೂಲೆಯಿಂದ.

"ಅಲ್ಲಿ ಯಾರೂ ಇಲ್ಲ ಕಣ್ಲಾ! ಗೋಡೆ ಗುಂಡು ಹೊಡೀತದಾ?" ಎಂದು ಕಿರಣ ಎದ್ದು ನಿಂತ. ನವೀನ ನಕ್ಕ. "ಕಣ್ಣು ಕಾಣ್ದೋನು ಆಟಕ್ಕೆ ಯಾಕ್ಲಾ ಬಂದೆ? ಹೋಗಿ ಎಮ್ಮೆ ಕಾಯಿ" ಅಂದ. ಕಿರಣ ಕೀಬೋರ್ಡ್ ಕಿತ್ತು ಅವನ ಮುಖಕ್ಕೆ ಬೀಸಿದ. ನವೀನನ ಹುಬ್ಬು ಸೀಳಿತು. ನವೀನ ಸ್ಟೀಲ್ ಸ್ಟೂಲ್ ಎತ್ತಿ ಎರಡು ಸಲ ಹೊಡೆದ. ಮೊದಲ ಏಟಿಗೆ ಕಿರಣನ ದವಡೆ ಎರಡು ಕಡೆ ಮುರಿಯಿತು, ಎರಡನೆಯದಕ್ಕೆ ಕತ್ತಿನ ಬುಡದ ಕಾಲರ್ ಮೂಳೆ. ರಾತ್ರಿಯೇ ಅವನನ್ನು ಆಸ್ಪತ್ರೆಗೆ ಸೇರಿಸಿದ್ದರು. ಇದನ್ನು ಭಾನುವಾರ ಎಂಟು ಗಂಟೆಗೆ ಬಷೀರ್ ಸಾಬರು ನನಗೆ ಫೋನಿನಲ್ಲಿ ಹೇಳಿದರು. ಕೊನೆಗೆ, "ಅವ್ರ ಅಣ್ಣ ಜನ ಕಟ್ಕೊಂಡು ಬಂದವ್ರೆ. ಮಿಷನ್ ಕೂಡ್ಸಿದೋರನ್ನ ಕರ್ಸಿ ಅಂತವ್ರೆ. ಬೇಗ ಬನ್ನಿ" ಅಂದರು.

ನಾನು ಒಳಗೆ ಕಾಲಿಟ್ಟಾಗ ನವೀನ ಮಂಡಿಯೂರಿ ಕೂತಿದ್ದ. ಇಬ್ಬರು ಅವನ ಬಲಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದಿದ್ದರು. ಹುಬ್ಬಿನ ಗಾಯ ಮತ್ತೆ ಬಿರಿದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಬಷೀರ್ ಸಾಬರು ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಲು ಹೋದಾಗ ಒಬ್ಬ ಅದನ್ನು ಕಿತ್ತುಕೊಂಡು ಗೋಡೆಗೆ ಹೊಡೆದ.

"ನೀವೇನಾ ಮಿಲ್ಟ್ರಿ ಯಜಮಾನ್ರು?" ಮಹೇಶ ಕೇಳಿದ. "ನೋಡಿ. ಇವ್ನ ಡಬ್ಬ ಕತ್ಲಲ್ಲೂ ನೋಡ್ತದೆ, ನನ್ ತಮ್ಮನ್ದು ನೋಡಾಕಿಲ್ಲ. ಇವ್ನು ಒಳಗೆ ಏನೋ ಕೈಚಳಕ ಮಾಡವ್ನೆ. ಅದನ್ನ ತೆಗ್ದು ತೋರ್ಸಿ. ತೋರ್ಸಿದ್ ಮ್ಯಾಲೆ ಈ ಕೈಯಿ ಇನ್ನೊಂದ್ ಜಲ್ಮದಲ್ಲಿ ಆಟ ಆಡಾಕಿಲ್ಲ."

"ಏನೂ ಮಾಡಿಲ್ಲ ಅಂತ ಗೊತ್ತಾದರೆ?" ಎಂದೆ.

ಉತ್ತರವಾಗಿ ಬ್ಯಾಟ್ ಬೀಸಿದ. ಬಿಳಿ ಕನ್ಸೋಲ್ ಎರಡು ಹೋಳಾಯಿತು. ಇನ್ನೊಂದು ಏಟಿಗೆ ಅದರ ಟಿವಿ ಒಡೆಯಿತು. ಗಾಜಿನ ಚೂರು ನನ್ನ ಕೆನ್ನೆಗೆ ತಾಗಿತು. "ಗೊತ್ತಾದಾಗ ನೋಡವ" ಅಂದ.

ಕೆಲಸ ಶುರು ಮಾಡಿದೆ. ಉಳಿದ ಎರಡು ಯಂತ್ರಗಳಲ್ಲಿ ಅದೇ ಗೋಡೌನು, ಅದೇ ಎಡ ಮೂಲೆ ತೆರೆದು, ಹಿಂದಿನ ಸಂಜೆ ನವೀನ ಆಡಿದ್ದ ಆಳನ್ನು ಅಲ್ಲೇ ನಿಲ್ಲಿಸಿದೆ. ಕಪ್ಪು ಕನ್ಸೋಲಿನ ಪರದೆಯಲ್ಲಿ ಮೂಲೆ ಮಬ್ಬು. ಪೀಪಾಯಿ, ಹಗ್ಗದ ಸುರುಳಿ, ಅವುಗಳ ನಡುವೆ ರೇನ್‌ಕೋಟ್ ತೊಟ್ಟು ನಿಂತ ಆಳು, ಎಲ್ಲ ಕಾಣುತ್ತಿತ್ತು. ಪಿಸಿಯ ಪರದೆಯಲ್ಲಿ ಆ ಮೂಲೆ ಮಸಿ ಬಳಿದ ಹಾಗೆ. ಆಳೂ ಇಲ್ಲ, ಪೀಪಾಯಿಯೂ ಇಲ್ಲ.

"ಅಕ್ಕೋ, ನೋಡಿ!" ಎಂದು ಮಹೇಶ ಕೂಗಿದ. ಕೈ ಹಿಡಿದಿದ್ದವರಲ್ಲಿ ಒಬ್ಬ ನವೀನನ ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿದ. ನವೀನ ಕಿರುಚಿದ. ಮಹೇಶ ಬ್ಯಾಟನ್ನು ಎರಡೂ ಕೈಯಲ್ಲಿ ಹಿಡಿದ.

ಆಗ ಮಾತಾಡಿದವರು ಬಷೀರ್ ಸಾಬರು. ದನಿ ಎತ್ತಲಿಲ್ಲ. "ಮಹೇಶಣ್ಣ, ಒಸಿ ತಡೀರಿ. ನಿಮ್ಮನೇಲೂ ರೇಷ್ಮೆ ಹುಳ ಸಾಕ್ತೀರಿ. ನೂಲು ಕಡೀತಾ ಇದ್ರೆ ನಾವೇನ್ ಮಾಡ್ತೀವಿ? ಅದೇ ಲಾಟಿನ ಗೂಡು ತಗೊಂಡೋಗಿ ಪಕ್ಕದ ಬಿಸಿನೀರಿನ ಬೇಸಿನ್‌ಗೆ ಹಾಕ್ತೀವಿ. ಅಲ್ಲೂ ಕಡೀತಾ, ಗೂಡು ಕೆಟ್ಟದ್ದು. ಅಲ್ಲಿ ಕಡೀಲಿಲ್ಲ, ಬೇಸಿನ್ ಕೆಟ್ಟದ್ದು."

"ನಾವು ಮಾರ್ಕೆಟ್‌ಗೆ ತಂದಾಗೆಲ್ಲ ಮೊದ್ಲು ಗೂಡಿಗೇ ಅಲ್ವಾ ಸಾಬ್ರೆ ನೀವು ಬಯ್ಯೋದು?" ಎಂದ ಮಹೇಶ. ಅವನ ಕಡೆಯವನೊಬ್ಬ ಕಿಸಕ್ಕೆಂದು ನಕ್ಕು ತಕ್ಷಣ ಬಾಯಿ ಮುಚ್ಚಿದ. ಬ್ಯಾಟ್ ಒಂದು ಗೇಣು ಕೆಳಗಿಳಿಯಿತು. "ಆಯ್ತು. ಬೇಸಿನ್ ಬದ್ಲಾಯ್ಸಿ."

ಕೇಬಲ್ ಅದಲು ಬದಲು ಮಾಡಿದೆ. ಪಿಸಿಯನ್ನು ಕಪ್ಪು ಕನ್ಸೋಲಿನ ಟಿವಿಗೆ, ಕನ್ಸೋಲನ್ನು ಪಿಸಿಯ ಟಿವಿಗೆ. ಆ ಅಗ್ಗದ ಪಿಸಿಯಲ್ಲೂ ರೇನ್‌ಕೋಟಿನವನು ಕಂಡ. ಅಂಚು ಒರಟು, ನೆರಳು ಕಳಪೆ, ಆದರೆ ನಿಂತಿದ್ದ. ಕನ್ಸೋಲಿನ ಚಿತ್ರದಲ್ಲಿ ಈಗ ಆ ಮೂಲೆ ಮಸಿ. ಅಲ್ಲಿಗೆ ಯಂತ್ರಗಳಲ್ಲಿ ಮೋಸವಿರಲಿಲ್ಲ. ಕೆಟ್ಟದ್ದು ಮೂರನೆಯ ಟಿವಿ. ಅದರ ಬ್ಲ್ಯಾಕ್ ಲೆವೆಲ್ ಇಳಿಸಿದ್ದು ನೆನಪಾಯಿತು. ಯಂತ್ರ ಕಳಿಸುವ ಅತಿ ಕಪ್ಪು ಯಾವುದು ಎಂದು ಟಿವಿಗೆ ಹೇಳುವುದೇ ಬ್ಲ್ಯಾಕ್ ಲೆವೆಲ್. ಅದನ್ನು ತಪ್ಪಾಗಿ ಹೇಳಿದರೆ ಕಪ್ಪಿಗೆ ಹತ್ತಿರದ ಬೂದುಗಳೆಲ್ಲ ಕಪ್ಪಿನಲ್ಲೇ ಮುಳುಗುತ್ತವೆ. ಚಿತ್ರ ಚೆಂದ ಕಾಣುತ್ತದೆ, ಕತ್ತಲಲ್ಲಿ ನಿಂತವನು ಕಾಣುವುದಿಲ್ಲ. ರೇಡಾರಿನ ಪರದೆಯಲ್ಲಿ ಮಸುಕು ಚುಕ್ಕೆ ಹೀಗೇ ಕಳೆದುಹೋಗುತ್ತದೆ ಎಂದು ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನು.

"ಟಿವೀನ ತಿರುಚ್ದೋನು ಯಾವನು?" ಮಹೇಶ ನವೀನನ ಕೂದಲು ಹಿಡಿದು ತಲೆ ಎತ್ತಿದ. "ನೀನೇ ಅಲ್ವೇನ್ಲಾ?"

ನವೀನ ಡಿಸೆಂಬರಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಗೊತ್ತಿತ್ತು. ರಕ್ತ ತುಂಬಿದ ಕಣ್ಣಿನಿಂದ ನನ್ನನ್ನು ಒಮ್ಮೆ ನೋಡಿದ. ಹೆಸರು ಹೇಳಲಿಲ್ಲ.

"ನಾನು" ಎಂದೆ. "ತಿರುಚಿದ್ದು ನಾನು."

"ಇವ್ನನ್ನ ಉಳ್ಸಾಕೆ ಸುಳ್ಳು ಬೊಗಳ್ತೀಯಾ ಮುದ್ಕ!" ಬ್ಯಾಟ್ ಮೇಲೆದ್ದಿತು.

ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ರಿಜಿಸ್ಟರಿನ ಪ್ರತಿಯನ್ನು ಕಿತ್ತು ನವೀನನ ಕೈಯ ಮೇಲೆ ಹರವಿ, ಹತ್ತನೆಯ ಸಾಲಿನ ಮೇಲೆ ನನ್ನ ಬೆರಳಿಟ್ಟೆ. "ಓದು. ಮೂರನೇ ಟಿವಿ, ಬ್ಲ್ಯಾಕ್ ಲೆವೆಲ್ ಲೋ, ನನ್ನ ಅಕ್ಷರ. ಪರೀಕ್ಷೆಯ ಹತ್ತನೇ ಸಾಲು ಖಾಲಿ. ಕೆಳಗೆ ನನ್ನ ಸಹಿ." ಆ ಹೊತ್ತಿಗೆ ಏಟು ಹೊರಟಾಗಿತ್ತು. ಬ್ಯಾಟ್ ನನ್ನ ಬಲ ಮಣಿಕಟ್ಟಿನ ಮೇಲೆ ಬಿತ್ತು. ಒಣ ಕಡ್ಡಿ ಮುರಿದ ಸದ್ದು. ಕಣ್ಣು ಕತ್ತಲೆ ಬಂದು ಮೇಜಿಗೆ ಒರಗಿದೆ.

ಮಹೇಶ ನನ್ನ ಕೈಯನ್ನು ನೋಡಿದ, ಕಾಗದ ನೋಡಿದ. ಬೆರಳಿಟ್ಟು ಆ ಸಾಲನ್ನು ಓದಿದ. ಆಮೇಲೆ ಪರದೆಯ ಹತ್ತಿರ ಹೋಗಿ ರೇನ್‌ಕೋಟಿನವನ ಮುಂದೆ ನಿಂತ.

"ಇಲ್ಲೇ ನಿಂತವ್ನೆ" ಅಂದ ಮೆಲ್ಲಗೆ. "ಯಾರೂ ಇಲ್ಲ ಯಾರೂ ಇಲ್ಲ ಅಂತ ಕೂಗ್ಕೊಂಡಿದ್ನಂತೆ ನನ್ ತಮ್ಮ."

ಬ್ಯಾಟ್ ನೆಲಕ್ಕೆ ಬಿತ್ತು. ಅವನ ಕಡೆಯವರು ನವೀನನ ಕೈ ಬಿಟ್ಟರು. ನವೀನ ತಾನಾಗಿ ಎದ್ದು, "ಮೋಸ ಮಾಡಿಲ್ಲಣ್ಣ. ಹೊಡ್ದಿದ್ದು ನಿಜ. ಸ್ಟೇಷನ್‌ಗೆ ಬತ್ತೀನಿ" ಅಂದ. "ನಾನೂ ಬರ್ಬೇಕಲ್ಲ" ಎಂದ ಮಹೇಶ, ನನ್ನ ಕೈ ತೋರಿಸಿ.

ಹನ್ನೊಂದು ಗಂಟೆಗೆ ಸ್ಟೇಷನ್. ನವೀನನ ಮೇಲೆ ಒಂದು ದೂರು, ಮಹೇಶ ಮತ್ತು ಅವನ ಜೊತೆಯವರ ಮೇಲೆ ಒಂದು. ನನ್ನ ಹೇಳಿಕೆಯಲ್ಲಿ ಬ್ಯಾಟಿನ ಏಟಿಗೂ ಮೊದಲು ಖಾಲಿ ಸಾಲನ್ನು ಬರೆಸಿದೆ. ಒಂದು ಗಂಟೆಗೆ ಆಸ್ಪತ್ರೆ. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಿರಣ ಮಲಗಿದ್ದ ವಾರ್ಡಿಗೆ ಹೋದೆ. ಹಲ್ಲುಗಳಿಗೆ ತಂತಿ ಕಟ್ಟಿದ್ದರು, ಮಾತಾಡುವ ಹಾಗಿರಲಿಲ್ಲ. ನಾನು ಯಾರು, ಏನು ಮಾಡಿದ್ದೆ ಎಂದು ಹೇಳಿದೆ. ಅವನು ಫೋನಿನಲ್ಲಿ ಒಂದು ಸಾಲು ಟೈಪ್ ಮಾಡಿ ನನ್ನ ಕಡೆ ತಿರುಗಿಸಿದ: "ಅಂಗಾದ್ರೆ ಅಲ್ಲಿ ಇದ್ನಾ ಅವ್ನು?"

"ಇದ್ದ ಕಣಪ್ಪ. ನಿನ್ನ ಕಣ್ಣಿನ ತಪ್ಪಲ್ಲ."

ಅವನು ಕಣ್ಣು ಮುಚ್ಚಿದ. ಕಣ್ಣೀರು ಕಿವಿಯ ಕಡೆ ಇಳಿಯಿತು.

ಚೆಂದ ಕಾಣಲಿ ಎಂದು ಮಾಡಿದ ಬದಲಾವಣೆಯನ್ನು ಎರಡು ಸಲ ಪರೀಕ್ಷಿಸಬೇಕು, ಖಾಲಿ ಸಾಲಿನ ಕೆಳಗೆ ಸಹಿ ಹಾಕಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಅದಕ್ಕೆ ಒಬ್ಬನ ದವಡೆ ಮುರಿಯಬೇಕಾಯಿತು.

ನಾಲ್ಕು ಗಂಟೆಗೆ ಪಾರ್ಲರಿಗೆ ವಾಪಸ್ಸು ಬಂದೆ. ಬಷೀರ್ ಸಾಬರು ನೆಲ ತೊಳೆಯುತ್ತಿದ್ದರು. ಎಡಗೈಯಲ್ಲಿ ರಿಮೋಟ್ ಹಿಡಿದು ಮೂರನೆಯ ಟಿವಿಯ ಬ್ಲ್ಯಾಕ್ ಲೆವೆಲನ್ನು ನಾರ್ಮಲ್‌ಗೆ ತಂದೆ. ಪರೀಕ್ಷಾ ಚಿತ್ರ ಹಾಕಿ ಜೋರಾಗಿ ಎಣಿಸಿದೆ. ಸಾಬರು ಪೊರಕೆ ನಿಲ್ಲಿಸಿ ಅವರೂ ಎಣಿಸಿದರು. ಹದಿನಾರು. ಹತ್ತನೆಯ ಸಾಲಿನಲ್ಲಿ ಎಡಗೈಯಿಂದ ಸೊಟ್ಟಗೆ ಗುರುತು ಹಾಕಿ, ಪಕ್ಕದಲ್ಲಿ ಆ ದಿನದ ತಾರೀಖು ಬರೆದೆ. ಗಂಟೆ ನಾಲ್ಕೂ ನಲವತ್ತು.