ಜಪಾನಿ ಸ್ಟೂಲು, ಮಂಜಲ್‌ಪುರದ ಮಾತಾಜಿ

ವಡೋದರಾದ ಮಂಜಲ್‌ಪುರದಲ್ಲಿ ಮನೆಯೊಡತಿ ಕೋಕಿಲಾ ಮಾಸಿ ನನ್ನನ್ನು ಮೊದಲ ಸಲ ಮಾತನಾಡಿಸಿದ್ದು ತೂಗಾಡುತ್ತಾ. ಅವರ ಹಾಲಿನ ನಟ್ಟನಡುವೆ ಹಿತ್ತಾಳೆ ಸರಪಳಿಯ ಉಯ್ಯಾಲೆ. ಇಲ್ಲಿಯವರು ಅದನ್ನು ಹೀಂಚ್ಕೊ ಎನ್ನುತ್ತಾರೆ. ಮುಂದೆ ಬಂದಾಗ ನೀರು ಬಿಡುವ ಹೊತ್ತು ಹೇಳಿದರು, ಹಿಂದೆ ಹೋದಾಗ ಮೊಟ್ಟೆ ಬೇಯಿಸಬಾರದು ಎಂದರು. ನಾನೂ ಅದೇ ತಾಳಕ್ಕೆ ಕತ್ತು ಆಡಿಸುತ್ತಾ ಎಲ್ಲದಕ್ಕೂ ಒಪ್ಪಿ, ಮೇಲಿನ ಕೋಣೆ ಸೇರಿದೆ.

ದಾವಣಗೆರೆಯಲ್ಲಿ ಬಂದವರಿಗೆ ಮೊದಲು ನೀರು ಕೊಡುತ್ತೇವೆ, ಆಮೇಲೆ ಅವರು ಎಲ್ಲಾದರೂ ಕೂರುತ್ತಾರೆ. ಇಲ್ಲಿ ಚಪ್ಪಲಿ ಬಿಡುವ ಮೊದಲೇ ‘ಬೇಸೊ, ಬೇಸೊ’, ಅಂದರೆ ಕೂತ್ಕೊಳ್ಳಿ. ನನ್ನ ಕೋಣೆಯಲ್ಲೋ ಒಂದು ಹಾಸಿಗೆ, ಒಂದು ಬಕೆಟ್ಟು. ಮಾಸಿ ಢೋಕ್ಳಾ ತಂದಾಗಲೆಲ್ಲ ಬಾಗಿಲಲ್ಲೇ ನಿಂತು, ಒಳಗೊಮ್ಮೆ ಕಣ್ಣಾಡಿಸಿ ಹೋಗುತ್ತಿದ್ದರು. ಸಂಜೆ ಫ್ಯಾಕ್ಟರಿಯಿಂದ ಬಂದರೆ ನನಗೆ ಮಾತಿಗೆ ಒಬ್ಬರೂ ಇರಲಿಲ್ಲ. ಒಬ್ಬರನ್ನಾದರೂ ಒಳಗೆ ಕರೆದು ‘ಬೇಸೊ’ ಎನ್ನಬೇಕೆಂಬ ಆಸೆ ಹಟಕ್ಕೆ ತಿರುಗಿತು.

ಒಂದು ಪ್ಲಾಸ್ಟಿಕ್ ಕುರ್ಚಿ ತಂದಿದ್ದರೆ ಮುಗಿಯುತ್ತಿತ್ತು. ಆದರೆ ಫೋನಿನಲ್ಲಿ ಜಾಹೀರಾತೊಂದು ಕಾಣಿಸಿತು: ಜಪಾನಿ ಶೈಲಿಯ ಸ್ಟೂಲು, ಮೊಳೆ ಬೇಡ, ಅಂಟು ಬೇಡ, ಕಲಿಯುವವರೂ ಮಾಡಿಕೊಳ್ಳಬಹುದು. ಪೆಟ್ಟಿಗೆಯಲ್ಲಿ ಮರದ ತುಂಡುಗಳು, ಉಳಿ, ಕೊಡತಿ, ತೆಳ್ಳನೆಯ ಗರಗಸ ಬಂದವು. ಜೊತೆಗೊಂದು ಚಿತ್ರಪುಸ್ತಕ. ಅದರಲ್ಲಿದ್ದ ಮನುಷ್ಯನ ಮುಖದಲ್ಲಿ ಹನಿ ಬೆವರಿಲ್ಲ.

ಭಾನುವಾರ ಊಟವಾದ ಮೇಲೆ ಶುರು ಮಾಡಿದೆ. ನಮ್ಮ ಬಡಗಿಗಳ ಹಾಗೆ ಗರಗಸವನ್ನು ಮುಂದಕ್ಕೆ ತಳ್ಳಿದೆ. ಅದು ಬಿಲ್ಲಿನಂತೆ ಬಾಗಿತೇ ಹೊರತು ಮರ ಅಲುಗಲಿಲ್ಲ. ಜಪಾನಿ ಗರಗಸ ಕೊಯ್ಯುವುದು ನಮ್ಮ ಕಡೆಗೆ ಎಳೆದಾಗ ಎಂದು ತಿಳಿಯುವಷ್ಟರಲ್ಲಿ ಕೊಡತಿಯ ಸದ್ದಿಗೆ ಇಡೀ ಬೀದಿ ಎದ್ದು ಕೂತಿತ್ತು. ಇಲ್ಲಿ ಮಧ್ಯಾಹ್ನ ಅಂಗಡಿಗಳೂ ಷಟರ್ ಎಳೆದು ಮಲಗುತ್ತವೆ. ಮಾಸಿ ಕೆದರಿದ ಕೂದಲಲ್ಲೇ ಮೇಲೆ ಬಂದು ಕೈಮುಗಿದರು.

“ಬೇಟಾ, ನಾಲ್ಕು ಗಂಟೆ ಆದ್ಮೇಲೆ ಗೋಡೆ ಬೇಕಾದ್ರೂ ಒಡೀ.” ಇಲ್ಲಿ ಹೆಣ್ಣುಮಕ್ಕಳೂ ‘ಬೇಟಾ’ಗಳೇ.

ನಾಲ್ಕಾದ ಮೇಲೆ ಸ್ಟೂಲು ಎದ್ದು ನಿಂತಿತು, ಆದರೆ ಕುಂಟುತ್ತಾ. ಒಂದು ಕಾಲು ಕೊಯ್ದೆ, ಇನ್ನೊಂದು ಉದ್ದವಾಯಿತು. ಅದನ್ನೂ ಕೊಯ್ದೆ. ಫ್ಯಾಕ್ಟರಿಯಲ್ಲಿ ಅಳತೆ ತಪ್ಪಿದ ಪಂಪಿನ ಭಾಗಗಳನ್ನು ಆರಿಸಿ ಎಸೆಯುವುದೇ ನನ್ನ ಕೆಲಸ; ಆ ಸಂಜೆ ನನ್ನನ್ನೇ ಎಸೆಯಬೇಕಿತ್ತು. ಕುಂಟುವುದು ನಿಂತಾಗ ಸ್ಟೂಲಿನ ಎತ್ತರ ಒಂದು ಗೇಣು.

ನವರಾತ್ರಿ ಹತ್ತಿರವಾದಾಗ ಮಾಸಿ ಮತ್ತೆ ಬಂದರು. ಕೊನೆಗೂ ನಾನು ಗತ್ತಿನಿಂದ “ಬೇಸೊ” ಎಂದೆ. ಅವರು ಸ್ಟೂಲು ನೋಡಿ ಕೆನ್ನೆಗೆ ಕೈ ಇಟ್ಟುಕೊಂಡರು.

“ಅರೆ ವಾಹ್, ಬಾಜೋಠ್! ನೀನೇ ಮಾಡಿದ್ಯಾ?”

ಬಾಜೋಠ್ ಎಂದರೆ ದೇವರನ್ನು ಕೂರಿಸುವ ಮಣೆ. ಇದು ಕೂರಲು ಮಾಡಿದ್ದು, ಅದೂ ನಿಮಗಾಗಿಯೇ, ಎಂದು ಹೇಳಬೇಕೆನ್ನುವಷ್ಟರಲ್ಲಿ ಅವರು ಮಂಡಿ ಹಿಡಿದುಕೊಂಡು ಬರಿನೆಲದ ಮೇಲೆ ಕೂತೇಬಿಟ್ಟರು. ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. ಕೆಂಪು ಬಟ್ಟೆ ಹಾಸಿ, ಒಳಗೆ ದೀಪ ಉರಿಯುವ ತೂತಿನ ಮಡಕೆ ಗರ್ಬೊವನ್ನು ಹಬ್ಬದ ಮೊದಲ ದಿನ ಇದರ ಮೇಲೇ ಇಡುತ್ತೇನೆ, ಮೊದಲ ಆರತಿ ನೀನೇ ಎತ್ತಬೇಕು ಎಂದರು. ಚಹಾ ಕುಡಿದರು, ಸೊಸೆಯನ್ನು ಬೈದರು, ಕತ್ತಲಾಗುವವರೆಗೂ ಏಳಲಿಲ್ಲ. ನನಗೆ ಹೇಳಲಾರದಷ್ಟು ಖುಷಿಯಾಯಿತು.

“ಹಬ್ಬ ಮುಗಿದ್ಮೇಲೆ ವಾಪಸ್ ಕೊಡ್ತೀರಲ್ಲ ಮಾಸಿ?”

“ಮಾತಾಜಿ ಕೂತ ಜಾಗದಲ್ಲಿ ಮನುಷ್ಯರು ಕೂರ್ತಾರಾ, ಬೇಟಾ?”

ನನ್ನ ಸ್ಟೂಲು ಮಾಸಿಯ ಕಂಕುಳಲ್ಲಿ ಮೆಟ್ಟಿಲಿಳಿದು ಹೋಯಿತು. ಆಗ ನೆನಪಾಯಿತು: ಊರಲ್ಲಿ ನಮ್ಮ ಮನೆಯಲ್ಲಿ ದೇವಿಗೆ ಘಟ ಹಾಕುವುದೂ ಅದೇ ದಿನ. ಅದಕ್ಕೆಂದೇ ರೈಲು ಟಿಕೆಟ್ ತೆಗೆದಿಟ್ಟಿದ್ದೆ. ಮರುದಿನ ಅಮ್ಮನಿಗೆ ಫೋನು ಮಾಡಿ, ಆಯುಧಪೂಜೆಗೆ ಬರುತ್ತೇನೆ, ಮೊದಲ ದಿನಕ್ಕೆ ಆಗುವುದಿಲ್ಲ ಎಂದೆ.

“ಅವತ್ತೇನು ಅಂಥಾ ಕೆಲ್ಸ?”

“ಮನೇಲಿ ದೇವ್ರು ಕೂರಿಸ್ತಿದೀವಮ್ಮ.”

ಬರೀ ‘ಮನೇಲಿ’ ಎಂದುಬಿಟ್ಟೆನೆಂದು ನನಗೆ ಆಮೇಲೆ ಹೊಳೆಯಿತು. ಕೆಳಗಿನ ಮನೇಲಿ, ಮಾಸಿ ಮನೇಲಿ, ಎಂದು ತಡವರಿಸಿದೆ.

“ಆತು ಬಿಡವ್ವ,” ಅಂದರು ಅಮ್ಮ. “ನಿಮ್ಮನಿ ಪೂಜಿ ಮುಗಿಸ್ಕಂಡು ನಮ್ಮನಿಗೆ ಬಾ.”