ತೊಳೆಯದ ಕೈ

ಇಂಗಳೇಶ್ವರದ ಮುದುಕಿ ತಿಪ್ಪವ್ವ ನೆತ್ತಿಗೆ ಎಣ್ಣೆ ತಟ್ಟಿದರೆ ಎಂಥ ಗಟ್ಟಿಗನಿಗೂ ಕಣ್ಣು ಮುಚ್ಚುತ್ತಿದ್ದವು. ಬೇವಿನ ನೆರಳು, ಹರಳೆಣ್ಣೆಯ ವಾಸನೆ, ದೂರದಲ್ಲಿ ಬಿಸಿಲಿಗೆ ನೀರಿನಂತೆ ಅಲುಗುವ ಹೊಲ. ಆ ಜೋಂಪಿನಲ್ಲಿ ಜನ ಎದೆಯೊಳಗಿನದನ್ನೆಲ್ಲ ಆಡಿಬಿಡುತ್ತಿದ್ದರು. ಆಮೇಲೆ ಅವಳು ಬೂದಿ ಹಚ್ಚಿ ಕೈ ತೊಳೆಯುವಳು. ಕೇಳಿದ ಮಾತು ಆ ನೀರಿನೊಡನೆ ಹರಿದುಹೋಯಿತೆಂದೇ ಲೆಕ್ಕ. ಕೈ ತೊಳೆಯದೆ ಅವಳು ಅಂಗಳ ದಾಟಿದ್ದನ್ನು ಊರು ಕಂಡಿರಲಿಲ್ಲ.

ಎಪ್ಪತ್ತಾರರ ಬೇಸಿಗೆ. ಹೊಲದ ಪಾಲಿಗಾಗಿ ತಮ್ಮ ಗುರಲಿಂಗಪ್ಪನ ಮೇಲೆ ಕುದಿಯುತ್ತಿದ್ದ ಸೋಮನಿಂಗ, ಎಣ್ಣೆಯ ಜೋಂಪಿನಲ್ಲೇ ಅಂದ: "ನಾಳಿ ಹೂಳು ತಗ್ಯಾಕ ಅವ ಬಾವಿಗಿ ಇಳೀತಾನ. ಹಗ್ಗ ನನ್ನ ಕೈಯಾಗಿರತೈತಿ. ಬಿಟ್ಟಬಿಡ್ತೇನಿ."

ಅವನು ಎದ್ದುಹೋದ ಮೇಲೆ ತಿಪ್ಪವ್ವ ತಂಬಿಗೆಗೆ ಚಾಚಿದ ಕೈ ಹಿಂದೆಗೆದಳು. "ನನ್ನ ನೇಮಕ್ಕ ಬೆಂಕಿ ಬೀಳ್ಲಿ!" ಎಂದು ಬೈದುಕೊಂಡು, ಕನಸಿನಲ್ಲಿ ನಡೆಯುವವಳಂತೆ ಬಿಸಿಲಿಗಿಳಿದಳು. ಗುರಲಿಂಗಪ್ಪ ತನ್ನ ಮನೆಯ ಮುಂದೆ ಹೂಳಿನ ಬುಟ್ಟಿಗೆ ಹಗ್ಗ ಬಿಗಿಯುತ್ತಿದ್ದ.

"ನಾಳಿ ಬಾವಿಗಿ ಇಳೀಬ್ಯಾಡಪಾ," ಅಂದಳು.

ಅವನು ಎಣ್ಣೆಗೆ ಮಿರುಗುತ್ತಿದ್ದ ಅವಳ ಅಂಗೈಗಳನ್ನು ನೋಡಿದ. ಹಗ್ಗ ಬಿಚ್ಚಿದ.

ಸುದ್ದಿ ಹಬ್ಬಿತು. ತಿಪ್ಪವ್ವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಜನ ಬರುವುದನ್ನೇ ಬಿಟ್ಟರು. ಎಣ್ಣೆಯ ಬಟ್ಟಲಿನ ತುಂಬ ಬೇವಿನ ಹೂವು ಉದುರಿ ಒಣಗಿತು.

ಮೊದಲ ಮಳೆಯ ಮರುದಿನ ಸೋಮನಿಂಗ ಬಂದು, ಅವಳ ಮುಂದೆ ತಲೆ ಬಾಗಿಸಿ ಕೂತ.

"ಬೈಯಾಕ ಬಂದೀಯೇನು?" ಎಂದು ರೇಗಿದಳು ತಿಪ್ಪವ್ವ.

"ಇಲ್ಲಬೇ. ಯಾರರ ತಡೀಲಿ ಅಂತನ ನಿನ್ನ ಮುಂದ ಅಂದಿದ್ದೆ."