ಮೂರನೇ ವಾರ್ಡಿನ ಯಾಕೂಬಾಕ

ಗಲ್ಫಿನ ಅಲ್ ಕುಸೈಸಿನ ಟೈಪಿಂಗ್ ಸೆಂಟರಿನಲ್ಲಿ ವೀಸಾ ಅರ್ಜಿ ತುಂಬಿಕೊಡುವ ಯಾಕೂಬಾಕನ ಎದುರು ಮಂಗಳೂರು ಕಡೆಯವರು ಕೂತರೆ ಕೆಲಸ ಬೇಗ ಮುಗಿಯುವುದಿಲ್ಲ. ಪಾಸ್‌ಪೋರ್ಟಿನ ವಿಳಾಸ ನೋಡಿ, "ನಿಮ್ಮದು ಯಾವ ವಾರ್ಡು ಮಾರಾಯ್ರೇ?" ಎನ್ನುತ್ತಾರೆ, ಆಮೇಲೆ ತೊಂಬತ್ತಮೂರರಿಂದ ಈಚೆಗೆ ಆ ಪಂಚಾಯತಿನಲ್ಲಿ ಗೆದ್ದವರು, ಸೋತವರು, ಠೇವಣಿ ಕಳಕೊಂಡವರು ಎಲ್ಲರ ಹೆಸರೂ ಮತಗಳ ಅಂತರದ ಸಮೇತ ಬಂದೇ ಬರುತ್ತದೆ. ಪಕ್ಕದ ಮೇಜಿನ ಪೇಶಾವರದ ಗುಲ್ ಖಾನನಿಗೂ ನಮ್ಮೂರ ಮೂರನೇ ವಾರ್ಡಿನಲ್ಲಿ ಆರು ಮತಗಳಿಂದ ಸೋತವರು ಯಾರೆಂದು ಬಾಯಿಪಾಠ. ಎಣಿಕೆಯ ದಿನ ಯಾಕೂಬಾಕ ಫೋನನ್ನು ಕಿವಿಗೊತ್ತಿಕೊಂಡು ಕೂತರೆ ಅರಬರೂ ಕಾಯಬೇಕು. ಇಷ್ಟೆಲ್ಲ ಬಲ್ಲವರು ಒಮ್ಮೆಯೂ ಓಟು ಹಾಕಿದವರಲ್ಲ. ಚುನಾವಣೆಗೂ ರಜೆಗೂ ಯಾವತ್ತೂ ತಾಳೆಯಾಗಲಿಲ್ಲ. ಎರಡು ಸಾವಿರದ ಹದಿನೈದರಲ್ಲಿ ಮಾತ್ರ ಹಟ ಹಿಡಿದು ರಜೆ ಪಡೆದು, ಓಟು ಹಾಕಲೆಂದೇ ಊರಿಗೆ ಹೋದರು. ಹಿಂತಿರುಗಿದಾಗ ಬೆರಳಿನಲ್ಲಿ ಶಾಯಿ ಇರಲಿಲ್ಲ. ಏನಾಯಿತೆಂದು ಕೇಳಿದೆ. "ಊರಲ್ಲಿಲ್ಲ ಅಂತ ನನ್ನ ಹೆಸರು ತೆಗ್ದಿದ್ದಾರೆ," ಎಂದರು, ಕೀಲಿಮಣೆಯಿಂದ ಕಣ್ಣೆತ್ತದೆ. "ಪಟ್ಟಿಯಲ್ಲಿ ನನ್ನ ಹೆತ್ತ ಉಮ್ಮನ ಹೆಸರು ಇನ್ನೂ ಉಂಟು. ಉಮ್ಮ ತೀರಿಹೋಗಿ ಆರು ವರ್ಷ ಆಯ್ತು. ಆಗ್ಲೂ ನಾನು ಊರಲ್ಲಿರ್ಲಿಲ್ಲ."